ಸೊಪ್ಪಿನ ದಾರಿಯ ಉರುಳು

ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಗುಣ ಎಂದು ಬೂತಪ್ಪನಿಗೆ ಯಾರು ಕಲಿಸಿದರೋ, ಅವರ ಬಾಯಿಗೆ ಮಣ್ಣು ಬೀಳಲಿ. ಕಲಿಸಿದವನು ಬೇರೆ ಯಾರೂ ಅಲ್ಲ, ಅವನ ಅಪ್ಪನೇ. ಕಾಡುಹಂದಿಗೆ ಉರುಳು ಹಾಕಿದವನು ಜಾಗ ಯಾವುದೆಂದು ಯಾರಿಗೂ ಹೇಳಬಾರದು, ಕಟ್ಟಿಕೊಂಡವಳಿಗೂ ಹೇಳಬಾರದು, ಹೆತ್ತ ಮಕ್ಕಳಿಗೂ ಹೇಳಬಾರದು; ಬಾಯಿ ಬಿಟ್ಟರೆ ಗುಡ್ಡದ ಚೌಡಿ ಮುನಿಯುತ್ತಾಳೆ, ಹಂದಿ ದಾರಿ ಬದಲಿಸುತ್ತದೆ, ಉರುಳು ಬರಿದಾಗುತ್ತದೆ. ಅಪ್ಪ ಸತ್ತು ಮಣ್ಣಾದ ಮೇಲೂ ಬೂತಪ್ಪ ಈ ಕಟ್ಟಳೆ ಬಿಡಲಿಲ್ಲ. ಊರವರ ಮನೆಯ ಸುದ್ದಿಯನ್ನೆಲ್ಲ ಮೇಗುಂದದ ಚಹಾದಂಗಡಿಯಲ್ಲಿ ಕೂತು ಹಂಚುವ ಮನುಷ್ಯ, ಉರುಳಿನ ವಿಷಯಕ್ಕೆ ಬಂದರೆ ಮಾತ್ರ ಕಲ್ಲು. ಕಾಯಿದೆಯ ಭಯವೂ ಇತ್ತೆನ್ನಿ. ಫಾರೆಸ್ಟಿನವರು ಹಿಡಿದರೆ ಜೈಲು. ಆದರೆ ಆ ಭಯ ಆಮೇಲಿನದು, ಚೌಡಿಯ ಭಯ ಹುಟ್ಟಿನಿಂದ ಬಂದದ್ದು.

ಆ ವರ್ಷ ಹಂದಿಗಳ ಉಪಟಳ ಹೇಳತೀರದು. ಕೂಲಿ ಮಾಡಿ ಉಳಿದ ಹೊತ್ತಿನಲ್ಲಿ ಗೇಯ್ದ ತುಂಡು ಗದ್ದೆಯಲ್ಲಿ ತೆನೆ ಬಾಗಿ ನಿಂತಿದ್ದರೆ, ಒಂದು ರಾತ್ರಿ ಹಿಂಡು ಇಳಿದು ಚಾಪೆ ಹಾಸಿದ ಹಾಗೆ ಮಲಗಿಸಿ ಹೋಗಿತ್ತು. ಮರುದಿನ ಸಂಜೆ ಬೂತಪ್ಪ ಹಳೆಯ ಬೈಕಿನ ಕ್ಲಚ್ ವೈರು ಜೇಬಿಗೆ ತುರುಕಿಕೊಂಡು ಕರಡಿಬೆನ್ನು ಗುಡ್ಡ ಹತ್ತಿದ.

ಆ ಗುಡ್ಡಕ್ಕೆ ಎರಡು ದಾರಿ. ಒಂದು ದನದ ದಾರಿ. ಅಗಲವಾಗಿ, ಹದವಾದ ಇಳಿಜಾರಿನಲ್ಲಿ, ದಿನಾ ದನ ಹತ್ತಿ ಇಳಿದು ನುಣ್ಣಗಾದದ್ದು. ಇನ್ನೊಂದು ಸೊಪ್ಪಿನ ದಾರಿ. ಹಿಂದೆ ಹೆಂಗಸರು ಕೊಟ್ಟಿಗೆಗೆ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದದ್ದು ಅದರಲ್ಲಿ. ಗೊಬ್ಬರ ಚೀಲದಲ್ಲಿ ಬರಲು ಶುರುವಾದ ಮೇಲೆ ಅತ್ತ ಯಾರೂ ಸುಳಿಯುವುದಿಲ್ಲ. ನೆತ್ತಿಯ ಹುಲ್ಲುಗಾವಲಾದ ಬ್ಯಾಣದಿಂದ ನೆಟ್ಟಗೆ ಇಳಿದು, ಮರಗಳ ಸಾಲಿನೊಳಗೆ ನುಗ್ಗಿ, ಕಲ್ಲು ಬೇರುಗಳ ಮೇಲೆ ಹಾಯ್ದು ಕೆಳಗಿನ ಕಾಫಿ ತೋಟದ ಬೇಲಿಗೆ ಬಂದು ಮುಟ್ಟುತ್ತದೆ. ಮನುಷ್ಯರು ಬಿಟ್ಟ ದಾರಿಯನ್ನು ಹಂದಿ ಹಿಡಿಯಿತು. ಬ್ಯಾಣ ಮುಗಿದು ಮರ ಶುರುವಾಗುವ ಬಾಯಿಯಲ್ಲಿ ಎರಡು ಮತ್ತಿ ಮರಗಳಿವೆ, ಅವುಗಳ ನಡುವೆ ಒಂದು ಹಂದಿ ನುಸುಳುವಷ್ಟು ಸಂದಿ. ಬೂತಪ್ಪ ಅಲ್ಲಿ ಉರುಳು ಕಟ್ಟಿ, ಮೇಲೆ ಎರಡು ಎಲೆ ಮುಚ್ಚಿ, ಚೌಡಿಗೆ ಕೈಮುಗಿದು ಇಳಿದು ಬಂದ.

ಈಗ ಸೈಕಲ್ಲಿನ ಕಥೆ ಹೇಳಬೇಕು. ಬೂತಪ್ಪನ ಮಗಳು ಅಂಬಿಕಾ ಕೊಪ್ಪದಲ್ಲಿ ಡಿಗ್ರಿ ಓದುವ ಹುಡುಗಿ. ಪಕ್ಕದ ಮನೆಯ ವನಜಮ್ಮನ ಮಗಳು ಭವ್ಯ ಅವಳ ಜೊತೆಗಾತಿ, ಒಂದೇ ಕ್ಲಾಸು, ಒಂದೇ ಬಸ್ಸು. ಆಚೆ ದಿಬ್ಬದ ಹೋಂಸ್ಟೇಯವರು ಬಂದವರ ಮೋಜಿಗೆ ಇಟ್ಟಿದ್ದ ಬೆಟ್ಟ ಇಳಿಯುವ ಸೈಕಲ್ಲುಗಳಲ್ಲಿ ಒಂದು ಮುರಿದು ಮೂಲೆ ಸೇರಿತ್ತು. ಇಬ್ಬರೂ ಬೇಡಿ ಕಾಡಿ ಅದನ್ನು ತಂದರು. ದಪ್ಪ ಟೈರು, ಮುಂದೆ ಶಾಕ್, ಡಿಸ್ಕ್ ಬ್ರೇಕು. ರಿಪೇರಿ ಮಾಡಿದವನು ಬೂತಪ್ಪನೇ. ಒಂದು ಸೈಕಲ್ಲು, ಒಂದು ಹೆಲ್ಮೆಟ್ಟು, ಇಬ್ಬರು ಹುಡುಗಿಯರು. ಒಬ್ಬಳು ಇಳಿದು ಮತ್ತೆ ಮೇಲಕ್ಕೆ ತಳ್ಳಿಕೊಂಡು ಬಂದರೆ ಇನ್ನೊಬ್ಬಳ ಸರದಿ.

"ಇಳಿಯಕ್ಕೆ ಸೈಕಲ್ ಎಂತಕ್ಕೆ ಮಾರಾಯ, ಕಾಲು ಜಾರಿದ್ರೆ ಸಾಕಲ್ಲ" ಎಂದು ಊರವರು ಆಡಿಕೊಂಡರು. ಹೆಲ್ಮೆಟ್ಟು ಸರಿಯಾಗಿ ಕೂರುವುದಿಲ್ಲವೆಂದು ಅಂಬಿಕಾ ಮೊಣಕಾಲು ಮುಟ್ಟುವ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದ ದಿನ ತಾಯಿ ಪುಟ್ಟಕ್ಕ ಸೂತಕ ಬಂದವಳ ಹಾಗೆ ಅತ್ತಳು. ಭವ್ಯ ಮಾತ್ರ ಜಡೆ ಬಿಡಲಿಲ್ಲ. ಬೂತಪ್ಪ ಹೊರಗೆ ಗೊಣಗಿದರೂ ಒಳಗೊಳಗೇ ಹಿಗ್ಗುತ್ತಿದ್ದ. ತೋಟಕ್ಕೆ ಹೋಗುವ ದಾರಿಯಲ್ಲಿ ನಿಂತು, ಮಗಳು ಹಿಂಭಾರ ಕೊಟ್ಟು ಸೀಟಿನ ಹಿಂದಕ್ಕೆ ಜಾರಿ, ಮೊಣಕೈ ಅಗಲಿಸಿ ದನದ ದಾರಿಯಲ್ಲಿ ಸುಯ್ಯನೆ ಇಳಿಯುವುದನ್ನು ನೋಡುತ್ತಿದ್ದ. ಎಲ್ಲಾದರೂ ಕಲ್ಲು ಎದ್ದಿದ್ದರೆ ಕತ್ತಿಯ ಹಿಡಿಯಿಂದ ಕುಟ್ಟಿ ತೆಗೆಯುತ್ತಿದ್ದ.

ಉರುಳು ಕಟ್ಟಿ ಬಂದ ಸಂಜೆ ಊಟಕ್ಕೆ ಕೂತಾಗ ಅಂಬಿಕಾ ಕೇಳಿದ್ದಳು. "ಅಪ್ಪಯ್ಯ, ಸೊಪ್ಪಿನ ದಾರಿ ಈಗ ಹೆಂಗಿದೆ? ಮುಂದಿನ ವಾರ ಸೈಕಲ್ ರೇಸಿದೆ. ಅಲ್ಲಿ ದನದ ದಾರಿಗಿಂತ ಕಡಿದಾಗಿರ್ತದಂತೆ, ಪಿಟಿ ಸರ್ ಹೇಳಿದ್ರು."

ನೋಡಿ, ದೇವರು ಬಾಯಿಗೆ ತಂದು ಇಟ್ಟ ತುತ್ತು. ಅಲ್ಲಿ ಉರುಳಿದೆ, ಹೋಗಬೇಡ ಮಗಾ ಅಂದರೆ ಮುಗಿಯುತ್ತಿತ್ತು. ಬೂತಪ್ಪನ ನಾಲಿಗೆ ಒಂದು ಸಲ ಏಳಲೂ ಎದ್ದಿತು. ಏಳುತ್ತಲೇ ಅಪ್ಪನ ಮುಖ ಕಂಡಿತು, ಚೌಡಿ ಕಂಡಳು, ಮಲಗಿದ ಗದ್ದೆ ಕಂಡಿತು.

"ಅಲ್ಲಿ ಬರೀ ಜಿಗಣೆ" ಎಂದ. "ಹೋಗಬ್ಯಾಡ."

"ಜಿಗಣೆಗೆ ಹೆದರಿದ್ರೆ ಮಲೆನಾಡಲ್ಲಿ ಹುಟ್ಟಿದ್ದೇ ದಂಡ" ಎಂದು ಅವಳು ನಕ್ಕಳು. ಅವನೂ ನಕ್ಕ. ಹೋಗಬೇಡ ಎಂದ ಮೇಲೆ ಹೋಗುವುದಿಲ್ಲ ಎಂದುಕೊಂಡ. ತನ್ನ ಮಗಳನ್ನು ಇಷ್ಟು ವರ್ಷ ಸಾಕಿ, ಅವಳ ಬುದ್ಧಿ ಇಷ್ಟೂ ತಿಳಿಯದವನಿಗೆ ಏನು ಹೇಳುವುದು?

ಮರುದಿನ ಭಾನುವಾರ. ಕೂಲಿಯಿಲ್ಲ. ಬೂತಪ್ಪ ಬಿಸಿಲೇರುವವರೆಗೆ ಮಲಗಿ ಎದ್ದು, ಜಗಲಿಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಪುಟ್ಟಕ್ಕ ಅಂಗಳ ಗುಡಿಸುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

"ನಿಮ್ಮ ಹೊಗೆಸೊಪ್ಪು ಹುಡುಕಬ್ಯಾಡಿ ಮತ್ತೆ. ಇಬ್ರೂ ಸುಣ್ಣ ಸೇರ್ಸಿ ಕಾಲಿಗೆ ಬಳ್ಕೊಂಡು ಹೋದ್ವು. ಜಿಗಣೆ ಹತ್ತಲ್ವಂತೆ."

ರೊಟ್ಟಿ ಬೂತಪ್ಪನ ಬಾಯಿಯಲ್ಲೇ ಉಳಿಯಿತು. "ಎಲ್ಲಿಗೆ ಹೋದ್ವು?"

"ಇನ್ನೆಲ್ಲಿಗೆ, ಗುಡ್ಡಕ್ಕೆ. ದನದ ದಾರಿಲಿ ನಿದ್ದೆ ಬರ್ತದಂತೆ ನಿಮ್ಮ ಮಗಳಿಗೆ. ಇವತ್ತು ಸೊಪ್ಪಿನ ದಾರಿಲಿ ಇಳೀತಾವಂತೆ. ಆಗ್ಲೇ ಹೋದ್ವು."

ಎದ್ದ. ತಟ್ಟೆ ಎಲ್ಲಿ ಬಿತ್ತೋ, ರೊಟ್ಟಿ ಎಲ್ಲಿ ಬಿತ್ತೋ. ಮೊಬೈಲು ಹಿಡಿದು ಅಂಬಿಕಾಳ ನಂಬರಿಗೆ ಒತ್ತಿದರೆ ಒಳಗೆ ಗೋಡೆಯ ಗೂಡಿನಲ್ಲೇ ರಿಂಗಾಯಿತು. ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಹುಡುಗಿಯರು ಫೋನು ಒಯ್ಯುವುದೇ ಇಲ್ಲ. "ಎಂತ ಆತು?" ಎಂದು ಪುಟ್ಟಕ್ಕ ಪೊರಕೆ ಹಿಡಿದುಕೊಂಡೇ ಕೇಳಿದಳು. ಆಗಲೂ, ಆ ಗಳಿಗೆಯಲ್ಲೂ, ಅವನು ಬಾಯಿ ಬಿಡಲಿಲ್ಲ ನೋಡಿ. "ಎಂತದೂ ಇಲ್ಲ" ಎಂದು ಓಡಿದ.

ಗದ್ದೆಯ ಅಂಚಿನ ಮೇಲೆ ಓಡುತ್ತಾ ಲೆಕ್ಕ ಹಾಕಿದ. ಅವು ದನದ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹತ್ತಬೇಕು, ನೆತ್ತಿಯಲ್ಲಿ ಕೂತು ನೀರು ಕುಡಿಯಬೇಕು, ಹೊಸ ದಾರಿ ಎಂದ ಮೇಲೆ ಒಂದಷ್ಟು ದೂರ ಇಣುಕಿ ನೋಡಬೇಕು. ಇಣುಕಿದರೆ ಉರುಳು ಕಾಣಬಹುದು. ಇಲ್ಲ, ಕಾಣುವುದಿಲ್ಲ. ಹಂದಿಯ ಕಣ್ಣಿಗೇ ಕಾಣದ ಹಾಗೆ ತಾನೇ ಎಲೆ ಮುಚ್ಚಿ ಬಂದಿದ್ದಾನಲ್ಲ. ತನ್ನ ಕೈಚಳಕದ ಮೇಲೆ ಅವನಿಗೆ ಹಿಂದೆಂದೂ ಇಷ್ಟು ಹೇಸಿಗೆ ಆಗಿರಲಿಲ್ಲ.

ತೋಟದ ಬೇಲಿಯ ಹತ್ತಿರ ಕಳೆ ಹೊಡೆಯುವ ಮಷೀನುಗಳು ಕಿವಿ ಹರಿಯುವ ಹಾಗೆ ಕೂಗುತ್ತಿದ್ದವು. ಭಾನುವಾರವೂ ಕೆಲಸ ತೆಗೆಯುವ ತೋಟ ಅದು. ಮೇಸ್ತ್ರಿ ಮಾರಪ್ಪ ಜೀಪು ರಸ್ತೆಯ ತಿರುವಿನಲ್ಲಿ ಬೈಕಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ಹೋಯ್ ಬೂತಪ್ಪ, ಎಂತ ಮಾರಾಯ, ಹುಚ್ಚುನಾಯಿ ಅಟ್ಟಿಸ್ಕೊಂಡು ಬಂದಂಗೆ?"

ಆ ಜೀಪು ರಸ್ತೆ ಸುತ್ತು ಹಾಕಿ ನೇರ ಬ್ಯಾಣದ ಅಂಚಿಗೇ ಹೋಗುತ್ತದೆ. ಬೈಕಿನಲ್ಲಿ ಹೋದರೆ ಒಂದು ಎಲೆಯಡಿಕೆ ಜಗಿದು ಉಗಿಯುವಷ್ಟು ಹೊತ್ತು. ಮಾರಪ್ಪಣ್ಣ, ಮೇಲೆ ಉರುಳಿದೆ, ಹುಡುಗಿಯರು ಇಳಿಯುತ್ತಿದ್ದಾರೆ, ಬಿಡು ನನ್ನ ಅಲ್ಲಿಗೆ. ಇಷ್ಟೇ ಮಾತು. ಮಾರಪ್ಪ ಫಾರೆಸ್ಟಿನವರಿಗೆ ಚಾಡಿ ಹೇಳುವ ಮನುಷ್ಯನೂ ಅಲ್ಲ, ಅವನ ಮನೆಯಲ್ಲೂ ಹಂದಿ ಬೆಂದಿದೆ.

"ದನ" ಎಂದ ಬೂತಪ್ಪ. "ದನ ಮೇಲೆ ಹೋಗಿದೆ."

"ಹೋದ್ರೆ ಹೋಗ್ಲಿ ಬಿಡು. ಹೊಟ್ಟೆ ತುಂಬಿದ್ರೆ ತಾನೇ ಇಳೀತದೆ" ಎಂದು ಮಾರಪ್ಪ ಬೈಕು ಸ್ಟಾರ್ಟ್ ಮಾಡಿದ.

ಬೂತಪ್ಪ ಸೊಪ್ಪಿನ ದಾರಿಗೆ ಕಾಲಿಟ್ಟು ಸ್ವಲ್ಪ ಹತ್ತಿದವನು ತಿರುಗಿ ನಿಂತ. ತಾನು ಆಡಿದ್ದೇನು ಎಂಬುದು ಆಗ ಅವನಿಗೆ ಹೊಳೆಯಿತು. "ಮಾರಪ್ಪಣ್ಣಾ" ಎಂದು ಗಂಟಲು ಹರಿಯುವಂತೆ ಕೂಗಿದ. ಮಷೀನುಗಳ ಗದ್ದಲದಲ್ಲಿ ಆ ಕೂಗು ಅವನ ಕಿವಿಗೇ ಕೇಳಲಿಲ್ಲ. ಬೈಕು ತಿರುವು ದಾಟಿ ಹೋಗಿಯಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇಂಥವರನ್ನು ನೋಡಿಯೇ.

ಇನ್ನು ಉಳಿದದ್ದು ಎರಡು ಕಾಲು. ಒಂದು ಕಾಲದಲ್ಲಿ ಅಡಿಕೆ ಮರದಿಂದ ಮರಕ್ಕೆ ಜೀಕಿ ಗೊನೆ ತೆಗೆಯುತ್ತಿದ್ದ ಮೈ ಅದು. ಈಗ ಮೊಣಕಾಲು ಸವೆದಿದೆ, ಉಸಿರು ಹಿಡಿಯುತ್ತದೆ. ದಾರಿಯೋ ಗೋಡೆ ಹತ್ತಿದ ಹಾಗೆ. ಇಬ್ಬನಿಗೆ ನೆನೆದ ತರಗೆಲೆಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಬೇರು ಹಿಡಿದರೆ ಕಿತ್ತು ಬರುತ್ತದೆ. ನಾಲ್ಕು ಕಾಲಿನಲ್ಲಿ ಹತ್ತಿದ. ಬಿದ್ದ, ಮೊಣಕಾಲು ತರಚಿತು, ಎದ್ದು ಹತ್ತಿದ. "ಅಂಬೀ" ಎಂದು ಕೂಗಲು ಬಾಯಿ ತೆರೆದರೆ ಗಾಳಿಯೇ ಸಾಲದೆ ಬರೀ ಕೆಮ್ಮು ಬಂತು.

"ಚೌಡಮ್ಮ, ಕೋಳಿ ಕೊಡ್ತೀನಿ" ಎಂದ. ಇನ್ನೊಂದಷ್ಟು ಹತ್ತಿ "ಕುರಿ ಕೊಡ್ತೀನಿ" ಎಂದ. ಅದೂ ಸಾಲದು ಅನ್ನಿಸಿತು. ತಾನು ಕೊಡುವುದರಿಂದ ಏನೂ ಆಗದು, ಕಟ್ಟಳೆ ಕೆಡಿಸುವುದರಿಂದ ಆದೀತು ಎಂದು ಅವನ ಕಂಗೆಟ್ಟ ತಲೆಗೆ ಆಗ ಹೊಳೆಯಿತು. ಬಾಯಿ ಬಿಟ್ಟರೆ ಉರುಳು ಬರಿದಾಗುತ್ತದೆ, ಅಲ್ಲವೇ? ಅಪ್ಪ ಹೇಳಿದ್ದು ಹಾಗೇ ಅಲ್ಲವೇ? ಬೂತಪ್ಪ ಒಂದು ಬಂಡೆಯನ್ನು ತಬ್ಬಿ ನಿಂತು, ಮರಗಳಿಗೆ, ಕಲ್ಲುಗಳಿಗೆ, ಯಾರೂ ಇಲ್ಲದ ಕಾಡಿಗೆ ಕೂಗಿ ಹೇಳತೊಡಗಿದ.

"ಎರಡು ಮತ್ತಿ ಮರದ ಮಧ್ಯೆ ಹಾಕೀನಿ. ಕೇಳಿ, ಬ್ಯಾಣದ ಬಾಯಲ್ಲಿ ಹಾಕೀನಿ. ಕ್ಲಚ್ ವೈರು. ಎಡಗಡೆ ಮರಕ್ಕೆ ಕಟ್ಟೀನಿ. ಹೇಳಿದೀನಿ ನಾನು, ಬಾಯಿ ಬಿಟ್ಟೀನಿ. ಇನ್ನು ಅದಕ್ಕೆ ಎಂತದೂ ಬೀಳಬಾರ್ದು."

ಹೇಳುತ್ತ ಹೇಳುತ್ತ ಅತ್ತ. ಅಳುತ್ತಲೇ ಹತ್ತಿದ. ಇಷ್ಟು ಹೊತ್ತಿಗೆ ಹೆಂಡತಿಗೋ ಮಾರಪ್ಪನಿಗೋ ಹೇಳಬೇಕಾಗಿದ್ದ ಮಾತನ್ನು ಮನುಷ್ಯ ಕಲ್ಲಿಗೆ ಹೇಳುತ್ತಾ ಹೋದ. ನಗಬೇಡಿ. ಹೊಟ್ಟೆಯ ಕೂಸಿನ ಜೀವ ತಂತಿಯ ತುದಿಯಲ್ಲಿದ್ದಾಗ ಯಾರ ಬುದ್ಧಿ ಎಲ್ಲಿ ನಿಲ್ಲುತ್ತದೋ ಹೇಳಲು ಬಾರದು.

ಕೊನೆಯ ತಿರುವಿಗೆ ಬಂದಾಗ ಮಷೀನುಗಳ ಸದ್ದು ಕೆಳಗೆ ಉಳಿದು ಗುಡ್ಡ ನಿಶ್ಶಬ್ದವಾಗಿತ್ತು. ತಲೆಯೆತ್ತಿದ. ಒಂದು ಕಲ್ಲೆಸೆತದ ದೂರದಲ್ಲಿ ಎರಡು ಮತ್ತಿ ಮರಗಳು, ಅವುಗಳ ಸಂದಿಯಿಂದಾಚೆ ಬಿಸಿಲಲ್ಲಿ ಬೆಳ್ಳಗೆ ತೆರೆದ ಬ್ಯಾಣ. ಉರುಳು ಕಟ್ಟಿದ ಹಾಗೇ ಇತ್ತು. ಕಟ್ಟಿದವನ ಕಣ್ಣಿಗೆ ಮಾತ್ರ ಕಾಣುವಂತೆ ಒಂದು ಕಪ್ಪು ಗೆರೆ. ಇನ್ನೂ ಇಳಿದಿಲ್ಲ. ಬಂದೆ. ತಾಯಿ, ಬಂದು ಮುಟ್ಟಿದೆ ಎಂದುಕೊಂಡ.

ಆಗ ಸದ್ದು ಕೇಳಿತು. ಸೈಕಲ್ಲು ಪೆಡಲ್ಲು ತುಳಿಯದೆ ಇಳಿಯುವಾಗ ಹಿಂದಿನ ಚಕ್ರದಿಂದ ಬರುವ ಆ ಟಿಕಟಿಕ ಸದ್ದನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ, ಆ ಚಕ್ರಕ್ಕೆ ಗ್ರೀಸು ಹಾಕಿದವನು ಅವನೇ. ಬ್ಯಾಣದ ನೆತ್ತಿಯಿಂದ ಹೆಲ್ಮೆಟ್ಟು ಹಾಕಿದ ಹುಡುಗಿ ಇಳಿದು ಬರುತ್ತಿದ್ದಳು. ಸೀಟಿನ ಹಿಂದಕ್ಕೆ ಜಾರಿ, ಮೊಣಕೈ ಅಗಲಿಸಿ, ಹುಲ್ಲನ್ನು ಸೀಳಿಕೊಂಡು. ಬೂತಪ್ಪ ಎರಡೂ ಕೈ ಮೇಲೆತ್ತಿದ. ಎದೆ ತುಂಬ ಉಸಿರು ಎಳೆದುಕೊಂಡ. ಹುಡುಗಿ ಒಂದು ದಿಣ್ಣೆ ಹಾರಿ ಕೊಂಚ ವಾಲಿದಳು, ಹೆಲ್ಮೆಟ್ಟಿನ ಹಿಂದಿನಿಂದ ಉದ್ದನೆಯ ಜಡೆ ಗಾಳಿಗೆ ಎದ್ದಿತು.

ಜಡೆ. ಅಂಬಿಕಾ ಅಲ್ಲ.

ನಮ್ಮ ಕೂಸಲ್ಲ ಎಂದು ಅವನ ಮೈಯೆಲ್ಲ ಒಮ್ಮೆಗೇ ಸಡಿಲಾಯಿತು. ಮನೆಯಿಂದ ಹೊರಟಾಗಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಹುಸ್ಸೆಂದು ಹೊರಬಿತ್ತು. ಎತ್ತಿದ್ದ ಕೈ ಇಳಿಯಿತು. ಕೂಗಲು ಎಳೆದುಕೊಂಡಿದ್ದ ಉಸಿರು ಬರೀ ಉಸಿರಾಗಿ ಹೋಯಿತು. ಅವನು ನೆಮ್ಮದಿಪಟ್ಟ. ಮುಚ್ಚಿಡುವುದು ಎಂತಕ್ಕೆ, ನೆಮ್ಮದಿಯೇ ಪಟ್ಟ.

ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೇ. ಆಮೇಲೆ ಅವನಿಗೆ ಜಡೆ ಯಾರದೆಂದು ಹೊಳೆಯಿತು. ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದ ಭವ್ಯ, ಅಂಬಿಕಾಳ ತಟ್ಟೆಯಲ್ಲೇ ಕೈ ಹಾಕಿ ಉಂಡು ಬೆಳೆದ ಭವ್ಯ. "ಭವ್ಯಾ" ಎಂದು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಚಕ್ರ ಸಂದಿಯೊಳಗೆ ಹೊಕ್ಕಿತ್ತು. ವೈರು ಬಿಗಿದ ಸದ್ದು ಟಪ್ಪೆಂದು ಕೇಳಿತು. ಸೈಕಲ್ಲು ಇದ್ದಲ್ಲೇ ನಿಂತಿತು, ಹುಡುಗಿ ನಿಲ್ಲಲಿಲ್ಲ.

ಕೂಗಿದ್ದರೆ ಅವಳಿಗೆ ಕೇಳುತ್ತಿತ್ತೋ ಇಲ್ಲವೋ, ಕೇಳಿದರೂ ಆ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿತ್ತೋ ಇಲ್ಲವೋ, ಆ ಮಾತು ಬೇರೆ. ಅವನು ಕೂಗಲಿಲ್ಲ.

ಭವ್ಯ ಅವನಿಂದ ಸ್ವಲ್ಪವೇ ಮೇಲೆ, ಎರಡು ಕಲ್ಲುಗಳ ನಡುವೆ ಅಂಗಾತ ಬಿದ್ದಿದ್ದಳು. ಹೆಲ್ಮೆಟ್ಟು ಬಿರುಕುಬಿಟ್ಟಿತ್ತು, ತಲೆ ಉಳಿದಿತ್ತು. ರಕ್ತವೂ ಹೆಚ್ಚು ಇರಲಿಲ್ಲ. ಕಣ್ಣು ತೆರೆದೇ ಇತ್ತು. ಬೂತಪ್ಪ ಹತ್ತಿರ ಹೋಗಿ ಮಂಡಿಯೂರಿದ. ಕೈ ಮುಂದೆ ಹೋಗಲಿಲ್ಲ.

"ಬೂತಪ್ಪ ಮಾವ" ಎಂದಳು ಮೆಲ್ಲಗೆ. "ನನ್ನ ಕಾಲ ಮೇಲೆ ಎಂತ ಬಿದ್ದಿದೆ? ತೆಗಿ."

ಅವನು ಕಾಲಿನ ಕಡೆ ನೋಡಿದ. ಸುಣ್ಣ ಹೊಗೆಸೊಪ್ಪು ಬಳಿದ ಎರಡು ಕಾಲು ತರಗೆಲೆಯ ಮೇಲೆ ನೆಟ್ಟಗೆ ಚಾಚಿಕೊಂಡಿದ್ದವು. ಅವುಗಳ ಮೇಲೆ ಏನೂ ಇರಲಿಲ್ಲ.

"ತೆಗೀತೀನಿ ಮಗಾ" ಎಂದ. "ಅಲ್ಲಾಡಬ್ಯಾಡ. ತೆಗೀತೀನಿ."

ಅಂಬಿಕಾ ಬ್ಯಾಣದಿಂದ ಓಡಿ ಬಂದಳು, ಅರ್ಧ ದಾರಿ ಜಾರಿಕೊಂಡೇ ಬಂದಳು. ಗೆಳತಿಯನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಚಕ್ರದ ಅಚ್ಚಿಗೆ ಸುತ್ತಿ ಬಿಗಿದಿದ್ದ ವೈರನ್ನು ನೋಡಿದಳು. ಆ ವೈರು ಮನೆಯ ಅಟ್ಟದ ಡಬ್ಬಿಯಲ್ಲಿ ಇದ್ದದ್ದು ಅವಳಿಗೆ ಗೊತ್ತು. ಅತ್ತಳೇ ಅಂದರೆ ಅಳಲಿಲ್ಲ. ಅಪ್ಪನ ಎದುರು ಬಂದು ನಿಂತಳು.

"ಮೇಲಿಂದ ನಾನು ನೋಡ್ತಿದ್ದೆ" ಎಂದಳು. "ನೀನು ಕೈ ಎತ್ತಿದೆ. ಮತ್ತೆ ಇಳಿಸಿದೆ. ಎಂತಕ್ಕೆ ಇಳಿಸಿದೆ ಅಪ್ಪಯ್ಯ?"

ಬೂತಪ್ಪ ಕೆಳಗಿನ ತೋಟದ ಕಡೆ ಕೈ ತೋರಿಸಿದ. "ಮಾರಪ್ಪನ್ನ ಕರಿ" ಎಂದ. "ಹಲಗೆ ತರಲಿ, ಜೀಪು ತರಲಿ. ಓಡು." ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ, ಆಮೇಲೆ ಇಳಿದು ಓಡಿದಳು.

ತೋಟದ ಆಳುಗಳು ತಾವಿರುವ ಲೈನುಮನೆಯ ಬಾಗಿಲೊಂದನ್ನು ಕಿತ್ತು ತಂದರು. ಹುಡುಗಿಯನ್ನು ಅದರ ಮೇಲೆ ಜರುಗಿಸಿ, ಸೀರೆಯಿಂದ ಕಟ್ಟಿ, ಆ ಗೋಡೆಯಂಥ ದಾರಿ ಬಿಟ್ಟು ಬ್ಯಾಣದ ಮೇಲೆ ಹತ್ತಿಸಿ ಜೀಪು ರಸ್ತೆಗೆ ಒಯ್ದರು. ತಲೆಯ ಕಡೆ ಹಿಡಿದವನು ಬೂತಪ್ಪ. ಯಾರಿಗೂ ಕೈ ಬದಲಿಸಲು ಕೊಡಲಿಲ್ಲ. ಭವ್ಯ ದಾರಿಯುದ್ದಕ್ಕೂ "ಕಾಲು ಭಾರ ಆಗ್ತಿದೆ ಮಾವ" ಎನ್ನುತ್ತಿದ್ದಳು.

ಸುದ್ದಿ ಮುಟ್ಟಿ ವನಜಮ್ಮ ರಸ್ತೆಯ ತಿರುವಿಗೆ ಬಂದು ನಿಂತಿದ್ದಳು. ಗಂಡಸಿಲ್ಲದ ಮನೆ ಅದು, ತಾಯಿ ಮಗಳು ಇಬ್ಬರೇ. ಅವಳು ಕಿರುಚಲಿಲ್ಲ. ಜೀಪಿನ ಹಿಂದೆ ಹತ್ತಿ ಮಗಳ ತಲೆಯ ಹತ್ತಿರ ಕೂತು, ಜಡೆಗೆ ಅಂಟಿದ ತರಗೆಲೆ ಒಂದೊಂದೇ ಬಿಡಿಸತೊಡಗಿದಳು. ಅಂಬಿಕಾ ಕಾಲಿನ ಕಡೆ, ಹಿಂದಿನ ಬಾಗಿಲಿಗೆ ಒರಗಿ ಕೂತಳು. ಬೂತಪ್ಪ ಅವಳ ಎದುರು ಕುಕ್ಕರಗಾಲಿನಲ್ಲಿ. ಮಾರಪ್ಪ ಗುಂಡಿಗೆ ಚಕ್ರ ಬೀಳದ ಹಾಗೆ ನಿಧಾನಕ್ಕೆ ಕೊಪ್ಪದ ಆಸ್ಪತ್ರೆಯ ಕಡೆ ಜೀಪು ಬಿಟ್ಟ.

ಭವ್ಯ ಕಣ್ಣು ಮುಚ್ಚಿದ್ದಳು. ಉಸಿರಾಡುತ್ತಿದ್ದಳು.

"ಬೂತಣ್ಣ" ಎಂದಳು ವನಜಮ್ಮ ಸ್ವಲ್ಪ ದೂರ ಹೋದ ಮೇಲೆ. "ನೀನು ಅಲ್ಲಿ ಇಲ್ದಿದ್ರೆ ಈ ಕೂಸು ಅಲ್ಲೇ ಹೋಗಿರ್ತಿತ್ತು. ದೇವರು ಕಳಿಸ್ದಂಗೆ ಬಂದೆ ನೀನು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ ಹಾಳಾದವನು ಆ ಉರುಳು ಹಾಕಿದ್ನೋ, ಅವನ ವಂಶ ನಿರ್ವಂಶ ಆಗ್ಲಿ."

ಬೂತಪ್ಪ ಮಗಳನ್ನು ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು.

"ನಾನೇ ವನಜ" ಎಂದ. "ಹಾಕಿದ್ದು ನಾನೇ."

ಜೀಪು ಎರಡು ತಿರುವು ದಾಟಿತು. ಮಾರಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ವನಜಮ್ಮನ ಕೈ ಜಡೆಯ ಮೇಲೆ ನಿಂತಿತ್ತು, ಮತ್ತೆ ನಿಧಾನವಾಗಿ ಎಲೆ ಬಿಡಿಸತೊಡಗಿತು. ಅವಳ ಗದ್ದೆಗೂ ಹಂದಿ ಇಳಿದಿತ್ತು. ಹೋದ ವರ್ಷ ಇದೇ ಬೂತಪ್ಪ ಎಲೆಯಲ್ಲಿ ಸುತ್ತಿ ಕೊಟ್ಟ ಪಾಲನ್ನು ಅವಳೂ ಬೇಯಿಸಿದ್ದಳು.

"ಹಂದಿಗೆ ಹಾಕಿದ್ದು" ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವಂತೆ. "ಕೂಸಿಗೆ ಅಂತ ಹಾಕಿದ್ದಲ್ವಲ್ಲ. ನಿಂಗೇನು ಗೊತ್ತಿತ್ತು ಇವು ಆ ದಾರಿಗೆ ಹೋಗ್ತಾವೆ ಅಂತ. ಗೊತ್ತಾಗಿ ಓಡಿ ಬಂದ್ಯಲ್ಲ."

ಅಲ್ಲಿಗೇ ನಿಂತಿದ್ದರೆ ಬೂತಪ್ಪ ಆ ಮಾತಿನ ನೆರಳಲ್ಲಿ ಹೇಗೋ ಬದುಕಿಬಿಡುತ್ತಿದ್ದ. ಮನುಷ್ಯರು ಬದುಕುತ್ತಾರೆ, ಇದಕ್ಕಿಂತ ದೊಡ್ಡದನ್ನು ನುಂಗಿಕೊಂಡು ಬದುಕುತ್ತಾರೆ. ಆದರೆ ಅಂಬಿಕಾ ಬಿಡಲಿಲ್ಲ.

"ಕೈ ಎಂತಕ್ಕೆ ಇಳಿಸಿದೆ ಅಂತ ಕೇಳಿದ್ದೆ" ಎಂದಳು.

"ಬ್ಯಾಡ ಮಗಾ."

"ನಾನು ಕಂಡೆ ಅಪ್ಪಯ್ಯ. ಎರಡೂ ಕೈ ಎತ್ತಿದ್ದೆ. ಕೂಗ್ತೀಯ ಅಂದ್ಕೊಂಡೆ. ಅವಳು ಇನ್ನೂ ಆಚೆ ಇದ್ಲು, ದಿಣ್ಣೆ ಹತ್ರ ಇದ್ಲು. ಎಂತಕ್ಕೆ ಇಳಿಸಿದೆ?"

ಸುಳ್ಳು ಹೇಳಬಹುದಿತ್ತು. ಉಸಿರು ಕಟ್ಟಿತ್ತು ಅನ್ನಬಹುದಿತ್ತು, ಕಾಲು ಜಾರಿತು ಅನ್ನಬಹುದಿತ್ತು, ಯಾರೂ ಇಲ್ಲವೆನ್ನುತ್ತಿರಲಿಲ್ಲ. ನಿನ್ನೆ ಸಂಜೆಯಿಂದ ಅವನು ಮಗಳಿಗೆ ಜಿಗಣೆ ಎಂದಿದ್ದ, ಹೆಂಡತಿಗೆ ಎಂತದೂ ಇಲ್ಲ ಎಂದಿದ್ದ, ಮಾರಪ್ಪನಿಗೆ ದನ ಎಂದಿದ್ದ. ಇನ್ನೊಂದು ಸುಳ್ಳಿಗೆ ಅವನ ಬಳಿ ಶಕ್ತಿ ಉಳಿದಿರಲಿಲ್ಲ.

"ಜಡೆ ಕಾಣ್ತು" ಎಂದ. "ನೀನಲ್ಲ ಅಂತ ಗೊತ್ತಾಯ್ತು. ಉಸಿರು ಬಿಟ್ಟೆ." ಮಗಳ ಕಡೆ ಬಾಗಿದ. "ಅಷ್ಟೇ ಹೊತ್ತು ಅಂಬೀ. ಒಂದು ಉಸಿರು ಅಷ್ಟೇ."

ವನಜಮ್ಮನ ಕೈ ಮತ್ತೆ ನಿಂತಿತು. ಅವಳು ತಲೆ ಎತ್ತಿ ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಒಂದೇ ತೋಟದಲ್ಲಿ ಅಕ್ಕಪಕ್ಕ ಕಳೆ ಕಿತ್ತು, ಒಂದೇ ಬಾವಿಯ ನೀರು ಸೇದಿದ ಮನುಷ್ಯನನ್ನು ಸರಿಯಾಗಿ ನೋಡಿದಂತೆ ನೋಡಿದಳು. ಮಗಳ ಕಾಲು ಜೀಪಿನ ಕುಲುಕಿಗೆ ಒಂದು ಕಡೆ ಸರಿಯಿತು. ಅಂಬಿಕಾ ಅದನ್ನು ಮೆಲ್ಲಗೆ ಎತ್ತಿ ನೆಟ್ಟಗೆ ಇಟ್ಟಳು.

"ನಾನಾದ್ರೂ ಹಂಗೇ ಉಸಿರು ಬಿಡ್ತಿದ್ದೆ ಬೂತಣ್ಣ" ಎಂದಳು ವನಜಮ್ಮ. "ಅಂಬಿ ಆಗಿದ್ದಿದ್ರೆ, ನನ್ನ ಮಗಳಲ್ಲ ಅಂತ ನಾನೂ ಬಿಡ್ತಿದ್ದೆ. ಸುಳ್ಳು ಹೇಳಲ್ಲ." ಆಮೇಲೆ ಮುಂದೆ ಬಾಗಿ ಡ್ರೈವರ್ ಸೀಟಿನ ಬೆನ್ನಿಗೆ ತಟ್ಟಿದಳು. "ಮಾರಪ್ಪಣ್ಣ, ನಿಲ್ಸು. ಇವ್ನು ಇಳೀಲಿ. ನಂಗೆ ಇವ್ನ ಮುಖ ನೋಡ್ಕೊಂಡು ಆಸ್ಪತ್ರೆವರೆಗೆ ಹೋಗಕ್ಕೆ ಆಗಲ್ಲ."

ಮಾರಪ್ಪ ಬ್ರೇಕು ಹಿಡಿದ. ಬೂತಪ್ಪ ರಸ್ತೆಗೆ ಇಳಿದು ನಿಂತು, ಮಗಳ ಕಡೆ ಕೈ ಚಾಚಿದ. ಇಳಿ ಎಂದು ಕರೆದನೋ, ಹೋಗಿ ಬಾ ಎಂದನೋ, ಅವನಿಗೇ ಗೊತ್ತಿರಲಿಲ್ಲ. ಅಂಬಿಕಾ ಬಾಗಿ ಹಿಂದಿನ ಬಾಗಿಲನ್ನು ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿದಳು.